ಒಂದು ಮೀಟರ್ ದೂರದಿಂದ

ಚಿಕ್ಕ ಲೆನ್ಸನ್ನು ಯಾರೇ ಹೊಗಳಲಿ, ಒಂದು ಮಾತು ಬಂದೇ ಬರುತ್ತದೆ: "ಇದು ಎಷ್ಟು ಚಿಕ್ಕದೆಂದರೆ ಫೋಟೋ ತೆಗೆದದ್ದು ಯಾರಿಗೂ ಗೊತ್ತೇ ಆಗುವುದಿಲ್ಲ." ಭೌತಶಾಸ್ತ್ರ ವಿಭಾಗದ ಹಳೆಯ ರೀಲ್ ಕ್ಯಾಮೆರಾ ಒಂದು ರೋಲಿನ ಮಟ್ಟಿಗೆ ನಮ್ಮ ಐದು ಜನರ ಕೈಗೆ ಬಂದಾಗಲೂ ಮೊದಲು ಕೇಳಿದ್ದು ಇದೇ ಮಾತು. ಲೆನ್ಸ್ ನನಗೆ ಇಷ್ಟವಾಯಿತು. ಆ ಹೊಗಳಿಕೆ ಇಷ್ಟವಾಗಲಿಲ್ಲ. ಯಾಕೆ ಎಂಬುದನ್ನು ಹೇಳಬೇಕಾದರೆ ಮೊದಲು ಲೆನ್ಸಿನ ವಿಷಯ ಹೇಳಬೇಕು.

ಕ್ಯಾಮೆರಾ ಫೆಡ್-2. ಲೆನ್ಸಿನ ಹೆಸರು ಇಂಡಸ್ಟಾರ್-10, 50 ಮಿ.ಮೀ., ಎಫ್/3.5. ಎರಡೂ ಸೋವಿಯತ್ ಕಾಲದಲ್ಲಿ ಖಾರ್ಕಿವ್ ನಗರದಲ್ಲಿ ತಯಾರಾದವು. ಒಳಗಿರುವುದು ಮೂರು ಗುಂಪುಗಳಲ್ಲಿ ನಾಲ್ಕು ಗಾಜು, ಅಷ್ಟೇ. ಜರ್ಮನಿಯ ಕಾರ್ಲ್ ಝೈಸ್ ಕಂಪನಿಯಲ್ಲಿ ಪೌಲ್ ರುಡಾಲ್ಫ್ ಎಂಬವರು 1902ರಲ್ಲಿ ರೂಪಿಸಿದ ಟೆಸಾರ್ ಮಾದರಿ ಇದು. ಬಳಸದೆ ಇರುವಾಗ ಲೆನ್ಸನ್ನು ಸ್ವಲ್ಪ ತಿರುಗಿಸಿ ಒತ್ತಿದರೆ ಆಮೆಯ ತಲೆಯ ಹಾಗೆ ಕ್ಯಾಮೆರಾದ ಒಳಗೆ ಸೇರಿಕೊಳ್ಳುತ್ತದೆ. ಬ್ಯಾಗಿನಲ್ಲಿ ಟಿಫಿನ್ ಡಬ್ಬಿಯ ಪಕ್ಕ ಆರಾಮವಾಗಿ ಕೂರುತ್ತದೆ. ಫೋಟೋ ತೆಗೆಯುವ ಮೊದಲು ಅದನ್ನು ಹೊರಗೆಳೆದು, ತಿರುಗಿಸಿ, ಭದ್ರ ಮಾಡಬೇಕು. ಮರೆತರೆ ಕ್ಯಾಮೆರಾ ಎಚ್ಚರಿಸುವುದಿಲ್ಲ. ಶಟರ್ ಎಂದಿನಂತೆ ಟಕ್ಕೆನ್ನುತ್ತದೆ, ಚಿತ್ರ ಮಾತ್ರ ಮಂಜು. ನಮ್ಮ ಐವರಲ್ಲಿ ಒಬ್ಬನ ಎರಡು ಫ್ರೇಮು ಹೀಗೆ ಹೋದವು. ಅವನ ಹೆಸರು ಇಲ್ಲಿ ಬೇಡ, ಅವನು ಈಗಾಗಲೇ ಸಾಕಷ್ಟು ಕೇಳಿಸಿಕೊಂಡಿದ್ದಾನೆ.

ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಉಂಗುರ ಲೆನ್ಸಿನ ಮುಖದಲ್ಲೇ ಇದೆ. ಅದಕ್ಕೆ ಉಗುರಿನ ತುದಿಯೇ ಬೇಕು. ಫೋಕಸ್ ಮಾಡಲು ಲೆನ್ಸ್ ತಿರುಗಿಸಿದರೆ ಆ ಉಂಗುರವೂ ಜೊತೆಗೇ ತಿರುಗಿ ಅಂಕಿಗಳು ಕೆಳಗೆ ಹೋಗಿಬಿಡುತ್ತವೆ. ಎಫ್/3.5ರಲ್ಲಿ ಕಿಂಡಿಯ ಅಗಲ ಸುಮಾರು 14 ಮಿ.ಮೀ., ಒಂದು ರೂಪಾಯಿ ನಾಣ್ಯಕ್ಕಿಂತಲೂ ಚಿಕ್ಕದು. ಎಫ್/16ರಲ್ಲಿ ಕೊತ್ತಂಬರಿ ಕಾಳಿನಷ್ಟು. ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರ್ ಇಲ್ಲ. ಬಿಸಿಲಿದೆಯೋ, ಮೋಡವಿದೆಯೋ, ಕಾರಿಡಾರಿನ ನೆರಳೋ ಎಂದು ಕಣ್ಣಿನಿಂದಲೇ ಅಂದಾಜು ಮಾಡಬೇಕು. ಮೊದಲ ದಿನ ಇದೆಲ್ಲ ಕಿರಿಕಿರಿಯೇ.

ನನಗೆ ಹಿಡಿಸಿದ್ದು ಫೋಕಸ್ ಮಾಡುವ ಬಗೆ. ಈ ಕ್ಯಾಮೆರಾದಲ್ಲಿ ನಾವು ಲೆನ್ಸಿನ ಮೂಲಕ ನೋಡುವುದಿಲ್ಲ. ಪಕ್ಕದ ಪುಟ್ಟ ಕಿಟಕಿಯಲ್ಲಿ ಕಣ್ಣಿಟ್ಟರೆ ಎದುರಿನ ವ್ಯಕ್ತಿ ಎರಡಾಗಿ ಕಾಣುತ್ತಾರೆ: ಒಂದು ಗಟ್ಟಿ ಬಿಂಬ, ಪಕ್ಕದಲ್ಲಿ ಒಂದು ತೆಳು ಬಿಂಬ. ಲೆನ್ಸನ್ನು ತಿರುಗಿಸುತ್ತಾ ಹೋದರೆ ತೆಳು ಬಿಂಬ ಜರುಗುತ್ತಾ ಬಂದು ಗಟ್ಟಿ ಬಿಂಬದ ಮೇಲೆ ಕೂರುತ್ತದೆ. ಆ ಕ್ಷಣಕ್ಕೆ ದೂರ ಸರಿಯಾಗಿದೆ ಎಂದು ಅರ್ಥ. ಎರಡು ಕಿಟಕಿಗಳ ನಡುವಿನ ಅಂತರ ಈ ಮಾದರಿಯಲ್ಲಿ ಸುಮಾರು 67 ಮಿ.ಮೀ. ನಿಮ್ಮ ಎರಡು ಕಣ್ಣುಗಳ ನಡುವಿನ ದೂರವನ್ನು ಸ್ಕೇಲಿನಲ್ಲಿ ಅಳೆದು ನೋಡಿ. ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಅಂದರೆ ಯಂತ್ರವೂ ನಮ್ಮಂತೆಯೇ, ಎರಡು ಜಾಗದಿಂದ ನೋಡಿ ದೂರ ತಿಳಿಯುತ್ತದೆ. (ಇಬ್ನ್ ಅಲ್ ಹೈಸಮ್ ಅವರ ಬಗ್ಗೆ ನಮ್ಮ ಪ್ರತಿ ವಿಜ್ಞಾನ ದಿನದ ಭಾಷಣದಲ್ಲೂ ಕೇಳಿದ್ದೀರಿ. ಈ ಬಾರಿ ನಿಮಗೆ ವಿನಾಯಿತಿ.)

ದ್ವಿತೀಯ ಪಿಯುಸಿಯವರು ಲೆನ್ಸ್ ಸೂತ್ರವನ್ನು ಅಂಕಕ್ಕಾಗಿ ಬಾಯಿಪಾಠ ಮಾಡುತ್ತೇವೆ. ಇಲ್ಲಿ ಅದನ್ನು ಬೆರಳಿನಲ್ಲಿ ಮುಟ್ಟಬಹುದು. ವಸ್ತು ಬಹಳ ದೂರವಿದ್ದಾಗ 50 ಮಿ.ಮೀ. ಲೆನ್ಸ್ ಫಿಲ್ಮಿನಿಂದ 50 ಮಿ.ಮೀ. ದೂರದಲ್ಲಿರಬೇಕು. ವಸ್ತು ಐದು ಮೀಟರ್ ಹತ್ತಿರ ಬಂದರೆ 50.5. ಎರಡು ಮೀಟರಿಗೆ ಬಂದರೆ ಸುಮಾರು 51.3. ಒಂದು ಮೀಟರಿಗೆ 52.6. ದೂರದ ಗುಡ್ಡದಿಂದ ಐದು ಮೀಟರಿನವರೆಗೆ ಲೆನ್ಸ್ ಸರಿಯುವುದು ಅರ್ಧ ಮಿಲಿಮೀಟರ್. ಎರಡು ಮೀಟರಿನಿಂದ ಒಂದಕ್ಕೆ ಬರಲು ಅದರ ಎರಡೂವರೆ ಪಟ್ಟಿಗಿಂತ ಹೆಚ್ಚು. ಹತ್ತಿರ ಹೋದಷ್ಟೂ ಕೆಲಸ ಹೆಚ್ಚು. ಒಂದು ಮೀಟರಿಗೆ ಬಂದಾಗ ಲೆನ್ಸ್ ನಿಂತುಬಿಡುತ್ತದೆ, ಅದಕ್ಕಿಂತ ಹತ್ತಿರ ಇದು ನೋಡಲಾರದು. ಆ ದೂರದಲ್ಲಿ ಎಫ್/3.5 ಇಟ್ಟರೆ ಸ್ಪಷ್ಟವಾಗಿ ಬರುವ ಆಳ ಸುಮಾರು 8 ಸೆಂಟಿಮೀಟರ್, ನಾಲ್ಕು ಬೆರಳಿನ ಅಗಲ. ಎದುರಿರುವವರು ಸ್ವಲ್ಪ ಮುಂದಕ್ಕೆ ಬಾಗಿದರೂ ಚಿತ್ರ ಕೆಡುತ್ತದೆ. ಹಾಗಾಗಿ ಅವರು ಸಹಕರಿಸಲೇಬೇಕು. ಸಹಕರಿಸಬೇಕಾದರೆ ಅವರಿಗೆ ಫೋಟೋ ತೆಗೆಯುವ ವಿಷಯ ಗೊತ್ತಿರಬೇಕು. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಈ ಕ್ಯಾಮೆರಾದ ಹೆಸರಿಗೂ ಒಂದು ಕಥೆ ಇದೆ. ಮೇಲೆ ಸಿರಿಲಿಕ್ ಲಿಪಿಯಲ್ಲಿ ಕೊರೆದಿರುವ 'ಫೆಡ್' ಎಂಬುದು ಫೆಲಿಕ್ಸ್ ಎಡ್ಮುಂಡೊವಿಚ್ ಝೆರ್ಝಿನ್‌ಸ್ಕಿ ಎಂಬ ಹೆಸರಿನ ಮೊದಲಕ್ಷರಗಳು. ರಷ್ಯಾದ ಕ್ರಾಂತಿಯ ನಂತರ, 1917ರ ಡಿಸೆಂಬರಿನಲ್ಲಿ ಹುಟ್ಟಿದ 'ಚೆಕಾ' ಎಂಬ ಗುಪ್ತ ಪೊಲೀಸ್ ಪಡೆಯ ಮುಖ್ಯಸ್ಥ ಆತ. ಆತ ಸತ್ತ ಮರುವರ್ಷ, 1927ರಲ್ಲಿ, ಖಾರ್ಕಿವ್‌ನಲ್ಲಿ ಬೀದಿಪಾಲಾಗಿದ್ದ ಮಕ್ಕಳಿಗಾಗಿ ಒಂದು ವಸತಿ ಕೇಂದ್ರ ಶುರುವಾಯಿತು. ಅದಕ್ಕೆ ಆತನ ಹೆಸರಿಟ್ಟರು. ಅದನ್ನು ನಡೆಸಿದವರು ಅಂತೋನ್ ಮಕರೆಂಕೊ ಎಂಬ ಶಿಕ್ಷಕ; ಬಿ.ಎಡ್. ಓದಿದ ನಮ್ಮ ಉಪನ್ಯಾಸಕರಿಗೆ ಈ ಹೆಸರು ಪರಿಚಿತವಿರಬಹುದು. ಅಲ್ಲಿ ಹದಿಹರೆಯದ ಹುಡುಗ ಹುಡುಗಿಯರು ಅರ್ಧ ದಿನ ಓದಿ, ಅರ್ಧ ದಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಮೊದಲು ವಿದ್ಯುತ್ ಡ್ರಿಲ್ ಮಾಡಿದರು. ನಂತರ ಜರ್ಮನಿಯ ಲೈಕಾ ಕ್ಯಾಮೆರಾವನ್ನು ಬಿಚ್ಚಿ, ಅಳೆದು, ಹಾಗೆಯೇ ಇನ್ನೊಂದನ್ನು ಮಾಡಿದರು. 1934ರಿಂದ ಅದು ಸಾಲುಸಾಲಾಗಿ ತಯಾರಾಗತೊಡಗಿತು. ನಮ್ಮ ವಯಸ್ಸಿನವರು! ನಮ್ಮ ಲ್ಯಾಬಿನಲ್ಲಿ ಸ್ಕ್ರೂಗೇಜು ಹಿಡಿದು 'ಝೀರೋ ಎರರ್' ಎಷ್ಟೆಂದು ಪಕ್ಕದವರ ರೆಕಾರ್ಡ್ ನೋಡುವ ನಾವೆಲ್ಲಿ, ಮಿಲಿಮೀಟರಿನ ನೂರನೇ ಭಾಗಕ್ಕೆ ಲೋಹ ಕಡೆದ ಅವರೆಲ್ಲಿ. ನಮ್ಮ ಕೈಯಲ್ಲಿದ್ದ ಫೆಡ್-2 ಅವರು ಮಾಡಿದ್ದಲ್ಲ. ಅದು 1955ರಿಂದ ಬಂದ ಮಾದರಿ, ಆ ಹೊತ್ತಿಗೆ ಅದು ಮಾಮೂಲಿ ಕಾರ್ಖಾನೆ. ಹೆಸರು ಮಾತ್ರ ಹಳೆಯದೇ ಉಳಿಯಿತು.

ಖಾರ್ಕಿವ್ ಎಂದಾಗ ನಮಗೆ ನೆನಪಾಗುವುದು ಬೇರೆ. 2022ರ ಮಾರ್ಚ್ 1ರಂದು ಅಲ್ಲಿ ವೈದ್ಯಕೀಯ ಓದುತ್ತಿದ್ದ ಹಾವೇರಿ ಜಿಲ್ಲೆಯ ವಿದ್ಯಾರ್ಥಿ ದಾಳಿಯಲ್ಲಿ ತೀರಿಕೊಂಡಾಗ ಆ ಊರಿನ ಹೆಸರು ನಮ್ಮ ಮನೆಗಳಲ್ಲೂ ಕೇಳಿಬಂತು. ಸರ್ ಕ್ಯಾಮೆರಾ ತೋರಿಸುತ್ತಾ ಊರಿನ ಹೆಸರು ಹೇಳಿದಾಗ ಲ್ಯಾಬಿನಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ನೀಟ್ ಬರೆಯುವವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ.

ಗುಪ್ತ ಪೊಲೀಸರ ಮುಖ್ಯಸ್ಥನ ಹೆಸರಿನ ಕ್ಯಾಮೆರಾ ಎಂದ ಕೂಡಲೇ ಕದ್ದು ನೋಡುವ ಯಂತ್ರ ಎನಿಸುತ್ತದೆ. ಚಿಕ್ಕ ಕ್ಯಾಮೆರಾ, ಚಿಕ್ಕ ಲೆನ್ಸು ಎಂಬುದಕ್ಕೆ ಅಂಟಿಕೊಂಡ ಹೆಗ್ಗಳಿಕೆಯೂ ಅದೇ ಜಾತಿಯದು. ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಆನ್ರಿ ಕಾರ್ತಿಯೇ ಬ್ರೆಸ್ಸಾನ್ ತಮ್ಮ ಲೈಕಾ ಹೊಳೆಯಬಾರದೆಂದು ಅದಕ್ಕೆ ಕಪ್ಪು ಟೇಪ್ ಸುತ್ತುತ್ತಿದ್ದರು. ಹೆಚ್ಚಾಗಿ ಬಳಸಿದ್ದು ಇದೇ 50 ಮಿ.ಮೀ. ಲೆನ್ಸ್. ಅವರು 1948ರಲ್ಲಿ ಶ್ರೀನಗರದ ಹರಿಪರ್ಬತ ಗುಡ್ಡದಲ್ಲಿ ತೆಗೆದ ಒಂದು ಚಿತ್ರ ಇದೆ: ಮುಸ್ಲಿಂ ಮಹಿಳೆಯರು ಬೆಳಗಿನ ಹೊತ್ತು ಕಣಿವೆಯ ಕಡೆ ಮುಖ ಮಾಡಿ ಪ್ರಾರ್ಥಿಸುತ್ತಿದ್ದಾರೆ, ಒಬ್ಬರು ಎರಡೂ ಅಂಗೈ ಚಾಚಿ ನಿಂತಿದ್ದಾರೆ, ಎದುರಿಗೆ ಬೆಟ್ಟಗಳು. ಸರ್ ಅದನ್ನು ಪ್ರೊಜೆಕ್ಟರಿನಲ್ಲಿ ತೋರಿಸಿದಾಗ ನನಗೆ ಕಣ್ಣು ತೆಗೆಯಲಾಗಲಿಲ್ಲ. ನಾವು ನೋಡುವುದು ಅವರ ಬೆನ್ನನ್ನು. ಅವರ ದುಆ ಅವರಲ್ಲೇ ಇದೆ, ಚಿತ್ರ ಅದನ್ನು ಕಸಿದುಕೊಂಡಿಲ್ಲ. ಆದರೆ ಅದೇ ಛಾಯಾಗ್ರಾಹಕ ನಾಲ್ಕು ಹೆಜ್ಜೆ ಸುತ್ತಿ ಎದುರಿಗೆ ಹೋಗಿ, ಗೊತ್ತಾಗದಂತೆ ಮುಖಗಳನ್ನು ತೆಗೆದಿದ್ದರೆ? ಚಿತ್ರ ಇನ್ನೂ ಪ್ರಸಿದ್ಧವಾಗುತ್ತಿತ್ತೇನೋ. ಗೋಡೆಗೆ ಹಾಕಲು ನನಗೆ ಮನಸ್ಸಾಗುತ್ತಿರಲಿಲ್ಲ.

ಇನ್ನೊಂದು ಉದಾಹರಣೆ ನಮ್ಮ ದೇಶದ್ದೇ. ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮಾಯಿ ವ್ಯಾರಾವಾಲಾ ಸೀರೆಯುಟ್ಟು ದೊಡ್ಡ ಸ್ಪೀಡ್ ಗ್ರಾಫಿಕ್ ಕ್ಯಾಮೆರಾ ಹಿಡಿದು ನೆಹರೂ ಕಾಲದ ದೆಹಲಿಯನ್ನು ತೆಗೆದರು. ಅವರು ಬಂದದ್ದು ಇಡೀ ಸಭೆಗೆ ಕಾಣುತ್ತಿತ್ತು. ಅದರಿಂದ ಅವರ ಚಿತ್ರಗಳಿಗೆ ಏನೂ ನಷ್ಟವಾಗಲಿಲ್ಲ. ಅಡಗಿ ನಿಂತರೆ ಮಾತ್ರ ನಿಜವಾದ ಚಿತ್ರ ಸಿಗುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ.

ಈಗ ನಮ್ಮ ಕಾಲೇಜಿಗೆ ಬರೋಣ. ಕಳೆದ ವಾರ್ಷಿಕೋತ್ಸವದ ಮರುದಿನ ನಡೆದದ್ದು ಹಲವರಿಗೆ ನೆನಪಿದೆ. ಬಹುಮಾನ ಪಡೆಯಲು ವೇದಿಕೆ ಹತ್ತಿದ ಒಬ್ಬಳನ್ನು ಹಿಂದಿನ ಸಾಲಿನಿಂದ ಯಾರೋ ಮೊಬೈಲಿನಲ್ಲಿ ಜೂಮ್ ಮಾಡಿ ತೆಗೆದರು. ಅದಕ್ಕೊಂದು ಹಾಡು ಸೇರಿಸಿ ಸ್ಟೇಟಸ್‌ಗೆ ಹಾಕಿದರು. ರಾತ್ರಿಯೊಳಗೆ ಅದು ಎಷ್ಟು ಗುಂಪುಗಳಿಗೆ ಹೋಯಿತೋ ಲೆಕ್ಕವಿಲ್ಲ. ಅವಳು ಎಂಟು ದಿನ ತರಗತಿಗೆ ಬರಲಿಲ್ಲ. ಬಹುಮಾನ ಬಂದದ್ದು ಪ್ರಬಂಧಕ್ಕೆ. ಪ್ರಬಂಧದ ವಿಷಯ ಏನೆಂದು ಕೇಳಿ ನೋಡಿ, ಯಾರಿಗೂ ನೆನಪಿಲ್ಲ.

ಆಮೇಲೆ ಬಂದದ್ದು ಸುತ್ತೋಲೆ: ಕಾರ್ಯಕ್ರಮಗಳಿಗೆ ಮೊಬೈಲ್ ತರುವಂತಿಲ್ಲ. ಇರಲಿ, ಒಳ್ಳೆಯದೇ. ಆದರೆ ಈ ವರ್ಷ ವಿದ್ಯಾರ್ಥಿನಿಯರ ಬಹುಮಾನಗಳನ್ನು ವೇದಿಕೆಯ ಬದಲು ಅವರವರ ತರಗತಿಯಲ್ಲೇ ಕೊಡೋಣ ಎಂಬ ಸಲಹೆಯೂ ಬಂದಿದೆ ಎಂದು ಕೇಳಿದೆ. ನಮ್ಮ ಮೇಲಿನ ಕಾಳಜಿಯಿಂದಲೇ ಹುಟ್ಟಿದ ಸಲಹೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಹಾಗಿದ್ದರೂ ಗೌರವದಿಂದಲೇ ಕೇಳುತ್ತೇನೆ: ಕದ್ದು ನೋಡಿದವನು ಒಬ್ಬ, ವೇದಿಕೆ ಬಿಡಬೇಕಾದವರು ನಾವು ಇನ್ನೂರು ಜನ ಹುಡುಗಿಯರು. ಇದು ಯಾವ ಲೆಕ್ಕ?

ದೀನಿಯಾತ್ ತರಗತಿಯಲ್ಲಿ ನಾವೆಲ್ಲ ಓದಿದ್ದೇವೆ. ಇನ್ನೊಬ್ಬರ ಮನೆಗೆ ಅನುಮತಿ ಕೇಳದೆ, ಸಲಾಂ ಹೇಳದೆ ಹೋಗಬಾರದೆಂದು ಸೂರ ಅನ್ನೂರ್ ಕಲಿಸುತ್ತದೆ. ಮೂರು ಸಲ ಕೇಳಿಯೂ ಅನುಮತಿ ಸಿಗದಿದ್ದರೆ ಹಿಂದಿರುಗಬೇಕು. ಹೀಗೆ ಅನುಮತಿ ಕೇಳುವ ನಿಯಮ ಇರುವುದೇ ಕಣ್ಣಿನ ನೋಟದ ಕಾರಣಕ್ಕೆ ಎಂಬ ಅರ್ಥದ ಹದೀಸ್ ಸಹೀಹ್ ಬುಖಾರಿಯಲ್ಲಿದೆ. ಬಾಗಿಲ ಸಂದಿಯಿಂದ ಇಣುಕುವ ಕಣ್ಣಿಗೆ ಹೇಳಿದ್ದು ಹಿಂದಿನ ಸಾಲಿನಿಂದ ಜೂಮ್ ಮಾಡುವ ಕಣ್ಣಿಗೂ ಅನ್ವಯಿಸುತ್ತದೆ ಎಂದು ನನ್ನ ತಿಳುವಳಿಕೆ. ಪ್ರಾಣವಿರುವವುಗಳ ಫೋಟೋ ತೆಗೆಯಬಹುದೇ ಎಂಬ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಅದರ ತೀರ್ಮಾನ ನನ್ನ ಕೆಲಸವಲ್ಲ. ಕೇಳದೆ ತೆಗೆಯಬಹುದೇ ಎಂಬುದರ ಬಗ್ಗೆ ಮಾತ್ರ ನಮ್ಮಲ್ಲಿ ಎರಡು ಮಾತು ಇರಬಾರದು.

ಇಲ್ಲಿಗೆ ಆ ಲೆನ್ಸ್ ಮತ್ತೆ ಬರುತ್ತದೆ. ಒಂದು ರೋಲಿನಲ್ಲಿ 36 ಫ್ರೇಮು. ಐದು ಜನರಿಗೆ ತಲಾ ಏಳು, ಉಳಿದ ಒಂದು ಸರ್‌ಗೆ. ರೋಲು, ಔಷಧ ಎಲ್ಲ ಸೇರಿಸಿದರೆ ಒಂದು ಕ್ಲಿಕ್ಕಿಗೆ ಕ್ಯಾಂಟೀನಿನ ಒಂದು ಚಾ, ಒಂದು ಬನ್ನಿನಷ್ಟು ಖರ್ಚು. ಜೂಮ್ ಇಲ್ಲ. ಮುಖ ದೊಡ್ಡದಾಗಿ ಬರಬೇಕಾದರೆ ಒಂದು ಮೀಟರಿಗೆ ಹೋಗಿ ನಿಲ್ಲಬೇಕು. ಅಷ್ಟು ಹತ್ತಿರ ನಿಂತು, ಲೆನ್ಸ್ ಎಳೆದು, ಕಿಂಡಿ ಹೊಂದಿಸಿ, ತೆಳು ಬಿಂಬವನ್ನು ಗಟ್ಟಿ ಬಿಂಬದ ಮೇಲೆ ಕೂರಿಸುವಷ್ಟರಲ್ಲಿ ಕಾಲು ನಿಮಿಷ ಬೇಕು. ಕಾಲು ನಿಮಿಷ ಒಬ್ಬರ ಮುಂದೆ ಮಾತಾಡದೆ ನಿಲ್ಲಲು ಆಗುವುದಿಲ್ಲ. ಕೇಳಲೇಬೇಕಾಗುತ್ತದೆ.

ನಾನು ಮೊದಲು ಕೇಳಿದ್ದು ಕ್ಯಾಂಟೀನಿನ ಕಾಕಾ ಅವರನ್ನು. "ಕಾಕಾ, ಒಂದು ಫೋಟೋ ತೆಗೆಯಲಾ?" "ತೆಗಿ ಮಗಳೇ, ಚಾ ತಣಿಯುವ ಮುಂಚೆ." ಮೂರು ಗ್ಲಾಸು ಒಂದೇ ಕೈಯಲ್ಲಿ ಹಿಡಿದು ನಿಂತರು. ಕ್ಲಿಕ್ ಆದ ಮೇಲೆ ಕ್ಯಾಮೆರಾದ ಹಿಂಬದಿ ನೋಡಿದರು. ಅಲ್ಲಿ ಸ್ಕ್ರೀನ್ ಇಲ್ಲ. "ಇದರಲ್ಲಿ ಕಾಣುವುದೆಲ್ಲಿ?" "ಬರುವ ವಾರ ತೋರಿಸ್ತೇನೆ ಕಾಕಾ." ಅಲ್ಲಿಂದ ಪ್ರತಿದಿನ ಚಾಕ್ಕೆ ಹೋದಾಗ ಒಂದೇ ಪ್ರಶ್ನೆ. ಮೊಬೈಲಿನಲ್ಲಿ ತೆಗೆದವರಿಗೆ ಈ ಬಾಕಿ ಇರುವುದಿಲ್ಲ.

ಗ್ರಂಥಾಲಯದಲ್ಲಿ ನನ್ನ ಪಕ್ಕ ಕೂರುವ ಗೆಳತಿಯನ್ನು ಕೇಳಿದೆ. ಅವಳು ಕ್ಯಾಮೆರಾ ನೋಡಿದಳು, ನನ್ನನ್ನು ನೋಡಿದಳು, "ಬೇಡ" ಎಂದಳು. ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಅವಳೇ ಕ್ಯಾಮೆರಾ ತೆಗೆದುಕೊಂಡು ಕಿಟಕಿಯ ಕಡೆ ತಿರುಗಿಸಿ ಎರಡು ಬಿಂಬ ಒಂದಾಗುವುದನ್ನು ಐದು ನಿಮಿಷ ನೋಡುತ್ತಾ ಕೂತಳು. ಎದುರಿನ ತೆಂಗಿನ ಮರ ಎಷ್ಟು ದೂರ ಎಂದು ಲೆನ್ಸಿನ ಅಂಕಿ ಓದಿ ಹೇಳಿದಳು. ಆ ಫ್ರೇಮು ನನ್ನಲ್ಲೇ ಉಳಿಯಿತು. ಅದರಲ್ಲಿ ಅವಳ ನೋಟ್ಸು ಮತ್ತು ಕನ್ನಡಕವನ್ನು ತೆಗೆದೆ, ಅದನ್ನೂ ಕೇಳಿಯೇ. ಏಳರಲ್ಲಿ ನನಗೆ ಅತಿ ಇಷ್ಟವಾದ ಚಿತ್ರ ಅದು.

ಫಿಲ್ಮನ್ನು ತೊಳೆದದ್ದು ನಮ್ಮ ರಸಾಯನಶಾಸ್ತ್ರ ಲ್ಯಾಬಿನಲ್ಲಿ, ಕಿಟಕಿಗೆಲ್ಲ ಕಪ್ಪು ಬಟ್ಟೆ ಕಟ್ಟಿ. ಟೈಟ್ರೇಶನ್‌ನಲ್ಲಿ ಬ್ಯೂರೆಟ್ಟಿಗೆ ತುಂಬುವ ಹೈಪೋ ದ್ರಾವಣವೇ ಇಲ್ಲಿ ಚಿತ್ರವನ್ನು ಉಳಿಸುವ ಔಷಧ ಎಂಬುದು ಹಲವರಿಗೆ ಹೊಸ ವಿಷಯವಾಗಿತ್ತು. ಚಿತ್ರಗಳ ಗುಣ? ಎಫ್/8ರಲ್ಲಿ ನಡುಭಾಗ ಚೊಕ್ಕ. ಕಾಕಾ ಅವರ ಕೈಯ ಗೆರೆಗಳೂ ಗ್ಲಾಸಿನ ಅಂಚಿನ ನೊರೆಯೂ ಕಾಣುತ್ತವೆ. ಎಫ್/3.5ರಲ್ಲಿ ಮೂಲೆಗಳು ಮೆತ್ತಗೆ. ಬಿಸಿಲಿಗೆ ಎದುರಾಗಿ ತೆಗೆದರೆ ಇಡೀ ಚಿತ್ರಕ್ಕೆ ನೀರು ಬೆರೆಸಿದ ಹಾಲಿನ ಬಣ್ಣ. ಇನ್ನೊಂದು ತೊಂದರೆ: ನೋಡುವ ಕಿಟಕಿ ಲೆನ್ಸಿಗಿಂತ ಮೇಲಿರುವುದರಿಂದ ಒಂದು ಮೀಟರಿನಲ್ಲಿ ಕಂಡದ್ದೇ ಬರುವುದಿಲ್ಲ, ತಲೆ ಕತ್ತರಿಸಿ ಹೋಗುತ್ತದೆ. ಮೇಲೆ ಸ್ವಲ್ಪ ಜಾಗ ಬಿಟ್ಟೇ ತೆಗೆಯಬೇಕು. ನಮ್ಮ ಕಾವಲುಗಾರರ ಟೋಪಿ ಹೀಗೆಯೇ ಹೋಯಿತು, ಅವರಿಗೆ ಇನ್ನೂ ಬೇಜಾರಿದೆ. ತೆಗೆದವರು ನಮ್ಮ ಗುಂಪಿನ ಅದೇ ಮಂಜು ಫ್ರೇಮಿನವರು.

ಎಲ್ಲರೂ ರೀಲ್ ಕ್ಯಾಮೆರಾ ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಅಷ್ಟು ಖರ್ಚು ನಮ್ಮ ಮನೆಗಳಲ್ಲಿ ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಹಳೆಯದೆಲ್ಲ ಒಳ್ಳೆಯದು ಎಂಬ ಮಾತೂ ನನ್ನದಲ್ಲ. ವಾರಗಟ್ಟಲೆ ಕಾಯುವುದರಲ್ಲಿ ಪುಣ್ಯವೇನೂ ಇಲ್ಲ. ಕೇಳಿ ತೆಗೆಯುವ ಅಭ್ಯಾಸವನ್ನು ಒಂದು ಯಂತ್ರ ಏಳು ಫ್ರೇಮಿನಲ್ಲಿ ಕಲಿಸಿತು. ಒಂದು ಸುತ್ತೋಲೆಗೆ ಅದು ಸಾಧ್ಯವಾಗಲಿಲ್ಲ. ನನ್ನ ಅಭಿಪ್ರಾಯ ಅಷ್ಟೇ.

ಆದ್ದರಿಂದ ಪ್ರಾಂಶುಪಾಲರಲ್ಲಿ ಮತ್ತು ವಾರ್ಷಿಕೋತ್ಸವ ಸಮಿತಿಯಲ್ಲಿ ನನ್ನ ಕೋರಿಕೆ ಇದು. ಬಹುಮಾನ ಎಲ್ಲರಿಗೂ ವೇದಿಕೆಯಲ್ಲೇ ಕೊಡಿ. ಫೋಟೋ ತೆಗೆಯಲು ನಾಲ್ಕು ಜನರ ತಂಡ ಮಾಡಿ, ಅದರಲ್ಲಿ ಇಬ್ಬರು ವಿದ್ಯಾರ್ಥಿನಿಯರಿರಲಿ. ಹೆಸರು ಕೂಗುವ ಮೊದಲೇ ಬಹುಮಾನಿತರನ್ನು ಕೇಳಿ, ಬೇಡ ಎಂದವರ ಪಟ್ಟಿ ತಂಡದವರ ಜೇಬಿನಲ್ಲಿರಲಿ. ಅವರು ವೇದಿಕೆ ಹತ್ತಿದಾಗ ಕ್ಯಾಮೆರಾ ಕೆಳಗಿಳಿಯಲಿ, ಚಪ್ಪಾಳೆ ಮಾತ್ರ ಇರಲಿ. ತೆಗೆದ ಚಿತ್ರ ಮೊದಲು ಅದರಲ್ಲಿರುವವರಿಗೆ ಸಿಗಲಿ, ಗುಂಪಿಗೆ ಹಾಕಬೇಕೋ ಬೇಡವೋ ಅವರು ಹೇಳಲಿ. ತಂಡದವರು ವೇದಿಕೆಯ ಎದುರೇ, ಎಲ್ಲರಿಗೂ ಕಾಣುವಂತೆ ನಿಲ್ಲಲಿ.

"ಇದನ್ನೆಲ್ಲ ಮಾಡುತ್ತಾ ಕೂತರೆ ಕಾರ್ಯಕ್ರಮ ಮುಗಿಯುವುದು ಯಾವಾಗ?" ಎಂದು ಯಾರಾದರೂ ಕೇಳಬಹುದು. ಗ್ರಂಥಾಲಯದಲ್ಲಿ ನನ್ನ ಗೆಳತಿ "ಬೇಡ" ಎನ್ನಲು ತೆಗೆದುಕೊಂಡದ್ದು ಎರಡು ಸೆಕೆಂಡು. ಮುಖ್ಯ ಅತಿಥಿಗಳಿಗೆ ಹೂಗುಚ್ಛ ಕೊಡಲು ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತದೆ.

ಎರಡನೇ ರೋಲು ಭೌತಶಾಸ್ತ್ರ ಲ್ಯಾಬಿನ ಕಪಾಟಿನಲ್ಲಿದೆ. ಈ ಸಲವೂ ಐದು ಜನರಿಗೆ ಅವಕಾಶ, ಕಲಾ ಮತ್ತು ವಾಣಿಜ್ಯ ವಿಭಾಗದವರೂ ಬರಬಹುದು. ಶನಿವಾರದೊಳಗೆ ಸರ್ ಬಳಿ ಹೆಸರು ಕೊಡಿ. ನಿನ್ನೆಯವರೆಗೆ ಪಟ್ಟಿಯಲ್ಲಿ ಇದ್ದದ್ದು ಮೂರು ಹೆಸರು, ಮೂರೂ ಹುಡುಗರದ್ದೇ.